ಓದಿನ ವಾಸನೆ

ಡಿಸೆಂಬರಿನ ಕಡೆಯ ಭಾನುವಾರ, ಧನುರ್ಮಾಸದ ಚಳಿ ಬೀದಿಯನ್ನು ಇನ್ನೂ ಬಿಟ್ಟೇಳದಿದ್ದ ಹೊತ್ತಿನಲ್ಲಿ, ಬಸವನಗುಡಿಯ ಸ್ನೇಹಿತರೊಬ್ಬರ ಮನೆಯ ಹಜಾರದಲ್ಲಿ ನಮ್ಮ ಓದಿನ ಕೂಟ ವರ್ಷದ ಕೊನೆಯ ಬಾರಿಗೆ ಸೇರಿತು. ಈ ಕೂಟಕ್ಕೆ ಹೆಸರಿಲ್ಲ, ನಿಯಮಾವಳಿಯಿಲ್ಲ, ಅಧ್ಯಕ್ಷರಂತೂ ಇಲ್ಲವೇ ಇಲ್ಲ; ತಿಂಗಳಿಗೊಂದು ಪುಸ್ತಕವನ್ನೋದಿ, ತೋಚಿದ್ದನ್ನು ಆಡಿ, ಕಾಫಿ ಕುಡಿದು ಚದುರುವುದಷ್ಟೇ ಅದರ ಕಲಾಪ. ಆ ದಿನ ಮಾತ್ರ ಹಜಾರದ ನಡುವೆ ಹಾಸಿದ್ದ ಹಳೆಯ ಪಂಚೆಯ ಮೇಲೆ ಅವರೆಕಾಯಿಯ ರಾಶಿಯೊಂದು ಬಿದ್ದಿದ್ದಿತು. ಮಧ್ಯಾಹ್ನದ ಊಟ ಬೇಕೆಂಬವರೆಲ್ಲರೂ ಸುಲಿಯಲು ಕೂರತಕ್ಕದ್ದೆಂದು ಮನೆಯೊಡತಿಯ ಅಪ್ಪಣೆಯಾಗಿದ್ದಿತು.

ಸುಲಿಯುತ್ತಿರುವಾಗಲೇ ನಮ್ಮಲ್ಲಿ ಹಿರಿಯರಾದ, ಸಂಸ್ಕೃತ ಪಾಠ ಹೇಳಿ ನಿವೃತ್ತರಾದ ಮೇಷ್ಟರು, “ವರ್ಷವೆಲ್ಲ ಓದಿದೆವಷ್ಟೆ, ಈಗ ಉಳಿದಿರುವುದೇನು, ಒಬ್ಬೊಬ್ಬರಾಗಿ ಹೇಳಿ ನೋಡೋಣ” ಎಂದರು. ಹಜಾರದಲ್ಲಿ ಸಿಪ್ಪೆ ಸೀಳುವ ಸದ್ದೊಂದೇ ಕೇಳುವಂತಾಯಿತು. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ನಮ್ಮ ಶ್ರಾವಣದ ಪುಸ್ತಕ. ಕೈಗಿತ್ತ ವಸ್ತುವನ್ನು ಮುಟ್ಟಿದೊಡನೆ ಅದರ ಗತಕಾಲವನ್ನು ಕಾಣಬಲ್ಲ ಆ ಮುದುಕಿಯ ಚಿತ್ರವೊಂದು ನನ್ನಲ್ಲಿ ನಿಂತಿತ್ತೇ ಹೊರತು, ದೇವರುಗಳ ವಿಷಯವಾಗಿ ಆಕೆಗೂ ಮೊಮ್ಮಗನಿಗೂ ನಡೆದ ಸಂವಾದದ ಸರಣಿಯಲ್ಲಿ ಒಂದು ಮಾತೂ ನಾಲಗೆಗೆ ಬರಲಿಲ್ಲ.

ಮರೆತ ಓದು ವ್ಯರ್ಥವೇ? ಶ್ರವಣ, ಮನನ, ನಿದಿಧ್ಯಾಸನಗಳೆಂದು ಮೂರು ಮೆಟ್ಟಿಲುಗಳನ್ನು ಯಾಜ್ಞವಲ್ಕ್ಯನು ಮೈತ್ರೇಯಿಗೆ ಹೇಳಿದನು. ಇವನ್ನು ಒಮ್ಮೆ ಮಾಡಿದರೆ ಸಾಕೇ ಎಂಬ ಪ್ರಶ್ನೆಯನ್ನು ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯದ ಮೊದಲಲ್ಲಿಯೇ ಎತ್ತಿಕೊಂಡ ಶಂಕರರು, ಅಕ್ಕಿ ಕಾಣುವವರೆಗೂ ಭತ್ತವನ್ನು ಕುಟ್ಟುವ ದೃಷ್ಟಾಂತವನ್ನು ತಂದು, ದರ್ಶನವಾಗುವ ತನಕ ಆವೃತ್ತಿ ನಡೆಯಬೇಕೆಂದು ನಿರ್ಣಯಿಸಿದರು. ಒನಕೆಯ ಪ್ರತಿಯೊಂದು ಪೆಟ್ಟನ್ನೂ ಯಾರು ನೆನಪಿಟ್ಟಾರು? ಹೊಟ್ಟು ಬಿಟ್ಟಿತೇ ಇಲ್ಲವೇ ಎಂಬುದೊಂದೇ ಅಲ್ಲಿನ ವಿಚಾರ.

ನಾನು ಇದನ್ನೇ ಸಮಾಧಾನವಾಗಿ ಮುಂದಿಟ್ಟು, ಬೆರಳುಗಳನ್ನು ಮೂಸಿ, “ಕಾಳು ಪಾತ್ರೆಗೆ ಹೋದರೂ ಸೊಗಡು ಕೈಯಲ್ಲಿದೆ, ಶಾಸ್ತ್ರಕಾರರು ಸಂಸ್ಕಾರಶೇಷಕ್ಕೆ ವಾಸನೆಯೆಂದೇ ಹೆಸರಿಟ್ಟರಲ್ಲ, ಓದಿನಿಂದ ಉಳಿಯುವುದೂ ಅದೇ” ಎಂದೆನು. ಮೇಷ್ಟರು ಉತ್ತರವಾಗಿ ಒಂದು ಕಾಯನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಒಳಗೆ ಹಸುರು ಹುಳುವೊಂದು ಮೈಮುರಿಯುತ್ತಿದ್ದಿತು. “ಹುಳುಕು ಕಾಯಿಗೂ ಸೊಗಡುಂಟಪ್ಪ. ಶುದ್ಧವಾಸನೆ, ಮಲಿನವಾಸನೆ ಎಂದು ಎರಡನ್ನೂ ಹೇಳಿದ್ದಾರೆ. ಇಷ್ಟೆಲ್ಲ ಓದಿದೆನೆಂಬ ಅಭಿಮಾನವೂ ಓದಿನ ವಾಸನೆಯೇ, ನಿನ್ನದು ಯಾವುದು?”

ನಾನು ನಿರುತ್ತರನಾದೆನು. ಆಗ ಮೂಲೆಯಲ್ಲಿದ್ದ, ಕೂಟದಲ್ಲಿ ಬಾಯಿ ಬಿಡುವುದೇ ಅಪರೂಪವಾದ ಬ್ಯಾಂಕಿನ ಉದ್ಯೋಗಿ ತಾಯಿಯೊಬ್ಬರು, “ಶ್ರಾವಣದಲ್ಲಿ ನೀವು ಹೇಳಿದ್ದಿರಿ, ಸಾರ್, ಆ ಅಜ್ಜಿ ಯಾರನ್ನೂ ತೀರ್ಪಿಗೆ ನಿಲ್ಲಿಸುವುದಿಲ್ಲ, ಬರಿದೇ ನೋಡುತ್ತಾಳೆ ಎಂದು. ಅಂದಿನಿಂದ ನಮ್ಮ ಅತ್ತೆಯವರ ಮಾತಿಗೆ ನಾನು ತಟಕ್ಕನೆ ಎದುರಾಡುವುದನ್ನು ಬಿಟ್ಟೆ” ಎಂದರು. ನಾನು ಹಾಗೆ ಹೇಳಿದ ನೆನಪೇ ನನಗಿಲ್ಲ. ಹೇಳಿದ್ದರೂ ಅದು ಇಷ್ಟು ಅರ್ಥವತ್ತಾಗಿ ಹೇಳಿದ್ದಿರಲಾರದು.

ತೈತ್ತಿರೀಯದ ಶೀಕ್ಷಾವಲ್ಲಿಯಲ್ಲಿ, ವಿದ್ಯೆ ಮುಗಿಸಿ ಮನೆಗೆ ಹೊರಡುವ ಶಿಷ್ಯನಿಗೆ ಆಚಾರ್ಯನು ಅಲಕ್ಷಿಸಬಾರದೆಂದು ವಿಧಿಸುವಾಗ, ಸ್ವಾಧ್ಯಾಯ ಪ್ರವಚನಗಳೆರಡನ್ನೂ ಒಂದೇ ಸಮಾಸದಲ್ಲಿ ಹೆಣೆದಿರುವುದರ ಔಚಿತ್ಯ ನನಗೆ ಹೊಳೆದದ್ದು ಆ ಹೊತ್ತಿನಲ್ಲಿ. ತಾನೋದುವುದು ಅರ್ಧ; ಓದಿದ್ದನ್ನು ಇನ್ನೊಬ್ಬರ ಮುಂದಿಡುವುದು ಮಿಕ್ಕರ್ಧ. ನನ್ನ ಶ್ರವಣವು ನನ್ನಲ್ಲಿಯೇ ಮನನವಾಗಬೇಕೆಂಬ ನಿರ್ಬಂಧವೇನೂ ಇಲ್ಲ. ಅದು ಪಕ್ಕದಲ್ಲಿ ಕುಳಿತವರಲ್ಲಿ ಮಾಗಿ, ನಾನರಿಯದ ಒಂದು ಅಡಿಗೆಮನೆಯಲ್ಲಿ ಆಚರಣೆಯಾಗಿ ಫಲಿಸಿದ್ದಿತು. “ನನ್ನ ಓದು” ಎಂಬ ಮಾತಿನಲ್ಲಿ ‘ನನ್ನ’ ಎಂಬುದನ್ನು ಸಡಿಲಿಸುವ ವಾಸನೆಯೇ ಶುದ್ಧವಾದದ್ದೆಂದು ಕಾಣುತ್ತದೆ.

ಊಟವಾದ ಮೇಲೆ ಜನವರಿಯ ಪುಸ್ತಕ ಯಾವುದೆಂಬ ಚರ್ಚೆ ಎದ್ದಿತು. ಹೊಸದಾಗಿ ಬಂದ ಎರಡು ಮೂರರ ಹೆಸರು ಕೇಳಿಬಂದರೂ, ನಾನು ಮೂಕಜ್ಜಿಯನ್ನೇ ಮತ್ತೊಮ್ಮೆ ಓದೋಣವೆಂದೆನು. ಯಾರೂ ಏಕೆಂದು ಕೇಳಲಿಲ್ಲ. ಮೇಷ್ಟರು ಮಾತ್ರ, “ಈ ಸಲ ಮೊದಲು ಆಕೆ ಮಾತನಾಡಲಿ” ಎಂದು ಮೂಲೆಯತ್ತ ಕೈತೋರಿ, ಹಿತ್ತಲಿಗೆ ಕೈತೊಳೆಯಲು ಎದ್ದರು.