ಒಂದು ಬಟ್ಟಲು ಹೆಪ್ಪು

ಡಿಸೆಂಬರಿನ ಚಳಿಗೆ ಯಲಹಂಕದಲ್ಲಿ ಮೊಸರು ಹೆಪ್ಪಾಗುವುದೇ ಇಲ್ಲ. ಪಾತ್ರೆಗೆ ಟವೆಲ್ ಸುತ್ತಿಟ್ಟರೂ ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇರುತ್ತದೆ. ಆಗ ಬಟ್ಟಲು ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಬೇಕು. ಹೆಪ್ಪು ಕೇಳಲು ಯಾರೂ ನಾಚುವುದಿಲ್ಲ, ಕೊಟ್ಟವರಿಗೂ ಕಡಿಮೆಯಾಗುವುದಿಲ್ಲ. ದೀಪ ಹಚ್ಚಿದ ಮೇಲೆ ಮಾತ್ರ ಕೇಳಬಾರದು, ಅಷ್ಟೆ.

ಹೆಪ್ಪಿನಂಥದೇ ಕೊಡುಕೊಳ್ಳುವಿಕೆ ಪ್ರಯೋಗಾಲಯಗಳಲ್ಲೂ ಇದೆ. ಬಳ್ಳಾರಿ ರಸ್ತೆಯ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯ ಎಂದರೆ ನಮಗೆಲ್ಲ ಕೃಷಿಮೇಳದ ನೆನಪು. ಅದೇ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ವತ್ಸಲಾ ತಿರುಮಲೈ ಅವರ ತಂಡ ಬೆರಳುದ್ದವೂ ಇಲ್ಲದ ಒಂದು ಪಟ್ಟೆಮೀನಿನ ಮಿದುಳನ್ನು ಓದುತ್ತಿದೆ. ಈ ಜೀಬ್ರಾ ಮೀನು ಹೊರಗಿನದಲ್ಲ, ನಮ್ಮ ತೊರೆ, ಗದ್ದೆಗಳದ್ದೇ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿ ಬರೆದಿಟ್ಟ ಬುಕಾನನ್ ನೆನಪಿದ್ದಾನಲ್ಲ, 1822ರಲ್ಲಿ ಗಂಗೆಯ ಮೀನುಗಳ ಪುಸ್ತಕದಲ್ಲಿ ಇದನ್ನು ಮೊದಲು ವರ್ಣಿಸಿದವನೂ ಅವನೇ. ಅಮೆರಿಕದ ಆರೆಗನ್‌ನಲ್ಲಿ ಜಾರ್ಜ್ ಸ್ಟ್ರೈಸಿಂಗರ್ ಇದನ್ನು ಪ್ರಯೋಗಾಲಯದ ಮೀನನ್ನಾಗಿ ಮಾಡಿದರು.

ಇದರ ಮೊಟ್ಟೆ ಗಾಜಿನಷ್ಟು ಪಾರದರ್ಶಕ. ಭ್ರೂಣ ಬೆಳೆಯುವುದನ್ನು ಹೊರಗಿನಿಂದಲೇ ನೋಡಬಹುದು. ಯಾವ ಜೀನ್ ಯಾವ ಅಂಗವನ್ನು ಮೂಡಿಸುತ್ತದೆಂದು ತಿಳಿಯಲು ಆ ಜೀನನ್ನು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿ ಸೇರಿಸಿ ಮೊಟ್ಟೆಯೊಳಗೆ ಬಿಡುತ್ತಾರೆ. ಒಂದು ಜೀನಿನ ಹೆಸರು ‘ನೋ ಟೇಲ್’, ಅಂದರೆ ಬಾಲವಿಲ್ಲ. ಬಾಲ ಮೂಡಲು ಬೇಕಾದ ಜೀನಿಗೇ ಈ ಹೆಸರು! ಅದು ಕೆಟ್ಟಾಗ ಬಾಲ ಕಾಣಲಿಲ್ಲ. ಹಾಗಾಗಿ ಆ ಜೀನ್ ಇದೆಯೆಂದು ತಿಳಿಯಿತು. ಅಡುಗೆಮನೆಯಲ್ಲಿ ದುಡಿಯುವವರ ಗತಿಯೂ ಹೀಗೇ, ಊರಿಗೆ ಹೋದ ದಿನವೇ ನೆನಪು.

ಪ್ಲಾಸ್ಮಿಡ್ ಉಂಗುರ ಹೆಪ್ಪಿನಂತೆ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಹೋಗುವ ಪರಿ ನನಗೆ ಬಲು ಇಷ್ಟ. ಕಾಗದದ ಮೇಲೆ ಒಂದು ಹನಿ ಹಾಕಿ, ಪೆನ್ಸಿಲ್ಲಿನಿಂದ ಸುತ್ತ ಗೆರೆ ಎಳೆದು, ಒಣಗಿಸಿ, ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿದರೂ ನಡೆಯುತ್ತದೆ. ಪಡೆದವರು ಆ ಚುಕ್ಕೆಯನ್ನು ಕತ್ತರಿಸಿ ನೆನೆಸಿ, ಬ್ಯಾಕ್ಟೀರಿಯಾದೊಳಗೆ ಸೇರಿಸಿ, 37 ಡಿಗ್ರಿ ಬೆಚ್ಚಗೆ ಇಡುತ್ತಾರೆ. ಬೆಳಗಾಗುವುದರೊಳಗೆ ಒಂದಿದ್ದದ್ದು ಕೋಟಿಗಟ್ಟಲೆಯಾಗಿರುತ್ತದೆ. ಟವೆಲ್ ಸುತ್ತುವ ಗೊಡವೆಯಿಲ್ಲ.

ಎಲ್ಲರೂ ಕೇಳಿದ ಕೂಡಲೇ ಕೊಡುತ್ತಾರೆಂದಲ್ಲ. ವಿದ್ಯಾರ್ಥಿನಿಯಾಗಿದ್ದಾಗ ಬೇಕಾದ ಪ್ಲಾಸ್ಮಿಡ್‌ಗಳು ಸಿಗದೆ ಬೇಸತ್ತ ಮೆಲಿನಾ ಫ್ಯಾನ್, ಇನ್ನಿಬ್ಬರೊಡನೆ 2004ರಲ್ಲಿ ಅಮೆರಿಕದಲ್ಲಿ ಆ್ಯಡ್‌ಜೀನ್ ಎಂಬ ಲಾಭರಹಿತ ಭಂಡಾರವನ್ನೇ ತೆರೆದರು. ಒಬ್ಬರು ಒಮ್ಮೆ ತಂದಿಟ್ಟರೆ ಸಾಕು, ಕೇಳಿದವರಿಗೆಲ್ಲ ಅಲ್ಲಿಂದ ಹೋಗುತ್ತದೆ. ಗಡಿ ದಾಟಿ ನಮ್ಮಲ್ಲಿಗೆ ಬರುವಾಗ ಜೈವಿಕ ಸುರಕ್ಷತೆಯ ಕಾಗದಪತ್ರ ಬೇಕು. ಬೇಕಾದ್ದೇ. ದೀಪ ಹಚ್ಚಿದ ಮೇಲಿನ ನಿಯಮಕ್ಕಿಂತ ಅದಕ್ಕೆ ಹೆಚ್ಚು ಅರ್ಥವಿದೆ.

ಜೀಬ್ರಾ ಮೀನು ಮೊಟ್ಟೆಯಿಡುವುದು ಬೆಳಕು ಹರಿದಾಗ. ಮೊಟ್ಟೆ ಒಂದೇ ಕೋಶವಾಗಿರುವ ಮುಕ್ಕಾಲು ಗಂಟೆಯೊಳಗೆ ಹೀಗೆ ಬಂದ ಉಂಗುರವನ್ನೋ, ಅದರಿಂದ ತೆಗೆದ ಆರ್‌ಎನ್‌ಎ ನಕಲನ್ನೋ ಸೂಜಿಯಿಂದ ಚುಚ್ಚಿ ಸೇರಿಸಬೇಕು. ಇವತ್ತು ಬೆಳಿಗ್ಗೆ ಚುಚ್ಚಿದರೆ, ನಾಳೆ ಮಧ್ಯಾಹ್ನದ ಊಟದ ಹೊತ್ತಿಗೆ ಸೂಕ್ಷ್ಮದರ್ಶಕದಡಿ ಅದರ ಗುಂಡಿಗೆ ಬಡಿಯುವುದು ಕಾಣುತ್ತದೆ.