ಊಟವಾದ ಎರಡು ಗಂಟೆಗೆ

ಹೋದ ವರ್ಷ ನಮ್ಮ ಮನೆಯಲ್ಲಿ ಸೀಮಂತ. ಊಟ ಮುಗಿದು ಎರಡು ಗಂಟೆಯಾಗಿತ್ತು. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದ ನನ್ನ ತಂಗಿ ‘ಅಕ್ಕಾ, ಅದು ಕೊಡು, ಅದೇ... ಸಾರು ಬಡಿಸ್ತಾರಲ್ಲ, ಅದು’ ಅಂದಳು. ಸೌಟು ಎನ್ನುವ ಮಾತು ಅವಳ ಬಾಯಿಗೆ ಬರಲಿಲ್ಲ. ತಿರುಗಿ ನೋಡಿದರೆ ಮೇಲ್ದುಟಿಯ ಮೇಲೆ ಸಾಲಾಗಿ ಬೆವರ ಹನಿ. ಕೈಯಲ್ಲಿದ್ದ ಲೋಟ ತಟ್ಟೆಗೆ ತಾಗಿ ಟಕಟಕ ಸದ್ದು ಮಾಡುತ್ತಿತ್ತು. ‘ಹೊಟ್ಟೆ ತುಂಬ ತಿಂದರೆ ತಾನೆ? ಗುಬ್ಬಿ ತಿಂದಹಾಗೆ ತಿಂತಾಳೆ’ ಎಂದು ನೆಂಟರೊಬ್ಬರು ಗದರಿದರು. ದೊಡ್ಡ ಲೋಟದ ತುಂಬ ಬೆಲ್ಲದ ಪಾನಕ ಕುಡಿಸಿದೆವು. ಹತ್ತು ನಿಮಿಷದಲ್ಲಿ ಚೇತರಿಸಿಕೊಂಡಳು. ಒಂದೂವರೆ ಗಂಟೆ ಕಳೆಯುವಷ್ಟರಲ್ಲಿ ಮತ್ತೆ ಅದೇ ನಡುಕ, ಅದೇ ಬೆವರು. ಅಪ್ಪನ ಗ್ಲುಕೋಮೀಟರ್ ತಂದು ಬೆರಳು ಚುಚ್ಚಿದೆ. 48.

ರಕ್ತದ ಸಕ್ಕರೆ 70ಕ್ಕಿಂತ ಇಳಿದರೆ ಎಚ್ಚರ, 54ಕ್ಕಿಂತ ಕೆಳಗೆ ಹೋದರೆ ಅಪಾಯ ಎನ್ನುತ್ತಾರೆ ವೈದ್ಯರು. ಮಿದುಳಿಗೆ ಗ್ಲುಕೋಸೇ ಮುಖ್ಯ ಉರುವಲು. ಅದು ಸಾಲದೆ ಹೋದಾಗಲೇ ಸೌಟಿನ ಹೆಸರು ಮರೆತುಹೋಗುವುದು.

ತಂಗಿಗೆ ತೂಕ ಇಳಿಸುವ ಆಪರೇಷನ್, ಗ್ಯಾಸ್ಟ್ರಿಕ್ ಬೈಪಾಸ್, ಆಗಿ ಆಗ ಎರಡು ವರ್ಷ ಕಳೆದಿತ್ತು. ಮಂಡಿನೋವು ಹೋಯಿತು, ಶುಗರ್ ಮಾತ್ರೆ ನಿಂತಿತು, ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ. ಆ ಆಪರೇಷನ್ ಬೇಡವಾಗಿತ್ತು ಎಂದು ಅವಳೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಅದರ ಬೆನ್ನಿಗೆ ಹೀಗೊಂದು ಬರಬಹುದು ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇದು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ವರ್ಷ ಕಳೆದ ಮೇಲೆ. ಅಷ್ಟು ಹೊತ್ತಿಗೆ ಆಸ್ಪತ್ರೆಗೆ ಹೋಗಿ ಬರುವುದು ನಿಂತಿರುತ್ತದೆ.

ಒಳಗೆ ನಡೆಯುವುದು ಇಷ್ಟು. ಬೈಪಾಸ್ ಮಾಡಿದಾಗ ಜಠರದಲ್ಲಿ ಮೊಟ್ಟೆಗಿಂತ ಚಿಕ್ಕ ಚೀಲವೊಂದನ್ನು ಉಳಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಊಟವನ್ನು ಸ್ವಲ್ಪಸ್ವಲ್ಪವೇ ಕೆಳಗೆ ಬಿಡುತ್ತಿದ್ದ ಜಠರದ ಬಾಗಿಲು ಈಗ ಆ ದಾರಿಯಲ್ಲಿಲ್ಲ. ಪಾಯಸ ಕುಡಿದರೆ ಅದು ಗಳಗಳನೆ ಕರುಳಿಗಿಳಿದು, ರಕ್ತದ ಸಕ್ಕರೆ ಸರ್ರನೆ ಮೇಲೇರುತ್ತದೆ. ಕರುಳಿನ ಹಾರ್ಮೋನುಗಳು, ಮುಖ್ಯವಾಗಿ ಜಿಎಲ್‌ಪಿ-1, ಉಕ್ಕಿ ಮೇದೋಜೀರಕ ಗ್ರಂಥಿಯನ್ನು ಬಡಿದೆಬ್ಬಿಸುತ್ತವೆ. ಅದು ಬೇಕಾದ್ದಕ್ಕಿಂತ ಹೆಚ್ಚು ಇನ್ಸುಲಿನ್ ಸುರಿಯುತ್ತದೆ. ಊಟದ ಸಕ್ಕರೆ ಖರ್ಚಾಗಿಹೋದರೂ ಇನ್ಸುಲಿನ್ ಕೆಲಸ ನಿಲ್ಲಿಸುವುದಿಲ್ಲ. ಊಟವಾದ ಒಂದರಿಂದ ಮೂರು ಗಂಟೆಯೊಳಗೆ ಕುಸಿತ. ಜಠರವನ್ನು ಕತ್ತರಿಸಿ ಕಿರಿದು ಮಾಡುವ ಸ್ಲೀವ್ ಆಪರೇಷನ್ ಆದವರಲ್ಲೂ ಇದು ಕಾಣುತ್ತದೆ.

ನಾವು ಕುಡಿಸಿದ ಪಾನಕ ಏನು ಮಾಡಿತು ಎಂದು ಈಗ ಅರ್ಥವಾಗುತ್ತದೆ. ಅದು ಇನ್ನೊಂದು ಪಾಯಸವಾಯಿತು. ಕುಸಿದವಳನ್ನು ಎತ್ತಿ ಮತ್ತೆ ಬೀಳಿಸಿದೆವು.

ಅದಕ್ಕೂ ಮೊದಲು ತಿಂಗಳುಗಟ್ಟಲೆ ಅವಳು ಹೇಳುತ್ತಲೇ ಇದ್ದಳು. ಮಧ್ಯಾಹ್ನ ಎರಡಕ್ಕೆ ಊಟ, ನಾಲ್ಕಕ್ಕೆ ಶಾಲೆಯಿಂದ ಬಂದ ಮಗನ ಮೇಲೆ ಕೂಗಾಟ, ಆಮೇಲೆ ‘ಯಾಕೆ ಕೂಗಿದೆನೋ ಗೊತ್ತಿಲ್ಲ’ ಎಂದು ಅಳು. ತೋರಿಸಿದ ವೈದ್ಯರೊಬ್ಬರು ಆತಂಕದ ಕಾಯಿಲೆ ಎಂದು ಮಾತ್ರೆ ಬರೆದುಕೊಟ್ಟರು. ನಾವೂ ಒಪ್ಪಿಕೊಂಡೆವು. ಆ ನಾಲ್ಕು ಗಂಟೆಗೆ ಒಮ್ಮೆ ಬೆರಳು ಚುಚ್ಚಿ ನೋಡಿದ್ದರೆ ಸಾಕಾಗಿತ್ತು. ಅಮೆರಿಕದ ಶಸ್ತ್ರವೈದ್ಯ ಆಲನ್ ವಿಪಲ್ 1930ರ ದಶಕದಲ್ಲೇ ಮೂರು ಗುರುತು ಹೇಳಿದ್ದರು: ಲಕ್ಷಣ ಇರಬೇಕು, ಆ ಹೊತ್ತಿನಲ್ಲೇ ಸಕ್ಕರೆ ಕಡಿಮೆ ಇರಬೇಕು, ಸಕ್ಕರೆ ಏರಿದಾಗ ಲಕ್ಷಣ ಹೋಗಬೇಕು. ಗ್ಯಾಸ್ಟ್ರಿಕ್ ಬೈಪಾಸ್ ಶುರುವಾದದ್ದು 1966ರಲ್ಲಿ. ಅದಾದ ಮೇಲೆ ತೀವ್ರವಾಗಿ ಶುಗರ್ ಕುಸಿದ ಆರು ಮಂದಿಯ ವಿವರವನ್ನು ಮೇಯೊ ಕ್ಲಿನಿಕ್ ವೈದ್ಯರು ಪ್ರಕಟಿಸಿದ್ದು 2005ರಲ್ಲಿ. ವೈದ್ಯಲೋಕವೇ ತಡವಾಗಿ ಗಮನ ಕೊಟ್ಟ ತೊಂದರೆ ಇದು. ಮನೆಯವರಿಗೆ ಹೊಳೆಯದಿದ್ದರೆ ಆಶ್ಚರ್ಯವಿಲ್ಲ. ಆದರೂ ಆ ಮಗುವಿನ ಮುಖ ನೆನೆದರೆ ನನಗೆ ಸಂಕಟವಾಗುತ್ತದೆ.

ಈಗ ಅವಳ ಕ್ರಮವೇ ಬೇರೆ. ಎಲೆಯ ತುದಿಗೆ ಪಾಯಸ ಬಡಿಸಿದರೆ ಮುಟ್ಟುವುದಿಲ್ಲ. ಹೆಸರುಬೇಳೆ ಕೋಸಂಬರಿ, ಪಲ್ಯ, ಕಾಳಿನ ಹುಳಿಯ ಹೋಳು ಮೊದಲು. ಅನ್ನ ಕೊನೆಗೆ, ಒಂದು ಹಿಡಿ. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು ಕುಡಿಯುತ್ತಾಳೆ. ಮೂರು ಹೊತ್ತಿನ ಊಟ ಐದಾರು ಸಣ್ಣ ಊಟವಾಗಿದೆ. ರಾಗಿ ಗಂಜಿ ಆರೋಗ್ಯಕ್ಕೆ ಒಳ್ಳೆಯದು ಎನ್ನುವ ಮಾತು ಅವಳಿಗೆ ಹೊಂದುವುದಿಲ್ಲ, ತೆಳ್ಳಗಿದ್ದದ್ದು ಬೇಗ ಇಳಿಯುತ್ತದೆ. ಬೆಲ್ಲ, ಜೇನು ಪರವಾಗಿಲ್ಲ ಎನ್ನುವವರಿಗೆ ಹೇಳುತ್ತೇನೆ: ಈ ವಿಷಯದಲ್ಲಿ ಅವೂ ಸಕ್ಕರೆಯೇ.

ಕುಸಿದಾಗ ಕೊಡಬೇಕಾದದ್ದು ಅಳತೆಯದು. ಸುಮಾರು 15 ಗ್ರಾಂ ಗ್ಲುಕೋಸ್ ಪುಡಿ, ಅಂದರೆ ಮೂರು ಚಿಕ್ಕ ಚಮಚ, ಸ್ವಲ್ಪ ನೀರಿನಲ್ಲಿ. ಹದಿನೈದು ನಿಮಿಷ ಕಾದು ಮತ್ತೆ ಬೆರಳು ಚುಚ್ಚಿ ನೋಡಬೇಕು. ಏರಿದ ಮೇಲೆ ಹುರಿದ ಶೇಂಗಾ, ಪನೀರ್ ಅಥವಾ ಬೇಯಿಸಿದ ಮೊಟ್ಟೆ ಕೊಟ್ಟರೆ ಸಕ್ಕರೆ ಮತ್ತೆ ಜಾರುವ ಸಂಭವ ಕಡಿಮೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಸುರಿಯಬಾರದು, ಆಂಬುಲೆನ್ಸ್ ಕರೆಯಬೇಕು. ಇನ್ನೊಂದು ಮಾತು ಬಹಳ ಮುಖ್ಯ. ಪಿಷ್ಟ ನಿಧಾನವಾಗಿ ಜೀರ್ಣವಾಗಲೆಂದು ಕೆಲವರಿಗೆ ಅಕಾರ್ಬೋಸ್ ಮಾತ್ರೆ ಕೊಡುತ್ತಾರೆ. ಅದು ಅಡುಗೆಮನೆಯ ಸಕ್ಕರೆ ಒಡೆಯುವುದನ್ನೂ ತಡೆಯುತ್ತದೆ. ಅವರಿಗೆ ಸಕ್ಕರೆ ನೀರು ಬೇಗ ಕೈಹಿಡಿಯುವುದಿಲ್ಲ, ಗ್ಲುಕೋಸೇ ಬೇಕು.

ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲಿ ಕುಸಿದರೆ ಕಾರಣ ಬೇರೆ ಇರಬಹುದು, ಪರೀಕ್ಷೆ ಆಗಲೇಬೇಕು. ಆಪರೇಷನ್ ಆದ ಮೇಲೂ ಹಳೆಯ ಶುಗರ್ ಮಾತ್ರೆ, ಇನ್ಸುಲಿನ್ ಮುಂದುವರಿಸುತ್ತಿರುವವರು ಅದರ ಪ್ರಮಾಣವನ್ನು ವೈದ್ಯರಿಗೆ ತೋರಿಸಿ ಸರಿಮಾಡಿಸಿಕೊಳ್ಳಬೇಕು.

ತಂಗಿಯ ವ್ಯಾನಿಟಿ ಬ್ಯಾಗಿನಲ್ಲಿ ಈಗ ಪೊಟ್ಟಣ ಕಟ್ಟಿದ ಗ್ಲುಕೋಸ್, ಒಂದು ಹಿಡಿ ಶೇಂಗಾ, ಮೀಟರು, ಸಣ್ಣ ನೋಟ್‌ಬುಕ್ ಇರುತ್ತವೆ. ಎಷ್ಟು ಗಂಟೆಗೆ ಏನು ತಿಂದೆ, ಎಷ್ಟು ಗಂಟೆಗೆ ನಡುಗಿತು, ಮೀಟರು ಎಷ್ಟು ತೋರಿಸಿತು ಎಂದು ಬರೆದಿಡುತ್ತಾಳೆ. ಆ ಪುಸ್ತಕ ನೋಡಿಯೇ ಈಗಿನ ವೈದ್ಯರು ಎರಡೇ ನಿಮಿಷದಲ್ಲಿ ಕಾಯಿಲೆ ಗುರುತಿಸಿದ್ದು. ನಡುಕ ಬಂದರೆ ಸ್ಕೂಟರನ್ನು ರಸ್ತೆ ಬದಿಗೆ ನಿಲ್ಲಿಸುತ್ತಾಳೆ, ಮೀಟರು ಸರಿ ತೋರಿಸುವವರೆಗೆ ಹತ್ತುವುದಿಲ್ಲ.

ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ಆಫೀಸಿನಲ್ಲಿ ಈ ಆಪರೇಷನ್ ಆದವರು ಇದ್ದಾರು. ‘ಕೈ ನಡುಗುತ್ತಿದೆ’ ಎಂದು ಅವರು ಹೇಳಿದರೆ ದಯವಿಟ್ಟು ಗದರಬೇಡಿ. ಊಟವಾಗಿ ಎಷ್ಟು ಹೊತ್ತಾಯಿತು ಎಂದು ಕೇಳಿ, ಮೀಟರು ತನ್ನಿ.