ಅಂಕಿತ ಬದಲಿಸಿದ ಭಕ್ತೆ

ಬಸವಣ್ಣನ ವಚನ ಬಾಯಿಪಾಠ ಹೇಳುವವರ ದನಿ ಕೊನೆಯ ಸಾಲಿಗೆ ಬಂದಾಗ ತಾನಾಗಿಯೇ ಏರುತ್ತದೆ. 'ಕೂಡಲಸಂಗಮದೇವಾ' ಎಂದು ಎಂಟು ಅಕ್ಷರ ಎಳೆದು ನಿಲ್ಲಿಸಿದರೆ ವಚನ ಮುಗಿಯಿತು. ಬೆಂಗಳೂರು ರಾಜಾಜಿನಗರದ ಬಸವ ಮಂಟಪದ ಬಳಗದವರು ಮಾತ್ರ ಅದೇ ಜಾಗದಲ್ಲಿ 'ಲಿಂಗದೇವಾ' ಎನ್ನತೊಡಗಿದರು. ನಾಲ್ಕೇ ಅಕ್ಷರ. ಆ ನಾಲ್ಕು ಅಕ್ಷರದ ಜಗಳ ಸುಪ್ರೀಂ ಕೋರ್ಟಿನ ತನಕ ಹೋಯಿತು.

ಬದಲಾವಣೆ ಮಾಡಿದವರು ಮಾತೆ ಮಹಾದೇವಿ. 1946ರಲ್ಲಿ ಹುಟ್ಟಿದ, ಚಿತ್ರದುರ್ಗದ ಕಡೆಯ ಹೆಣ್ಣುಮಗಳು. ಲಿಂಗಾನಂದ ಸ್ವಾಮಿಗಳಿಂದ 1966ರಲ್ಲಿ ಜಂಗಮ ದೀಕ್ಷೆ ಪಡೆದು, 1970ರಲ್ಲಿ ಧಾರವಾಡದಲ್ಲಿ ಜಗದ್ಗುರು ಪೀಠ ಏರಿದರು. ಹೆಣ್ಣೊಬ್ಬಳು ಜಗದ್ಗುರುವಾಗುವುದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ರಾಜಾಜಿನಗರದಲ್ಲಿ ವಿಶ್ವಕಲ್ಯಾಣ ಮಿಷನ್, ಕೆಂಗೇರಿ ದಾಟಿದರೆ ಕುಂಬಳಗೋಡಿನಲ್ಲಿ ಬಸವ ಗಂಗೋತ್ರಿ, ಕೂಡಲಸಂಗಮದಲ್ಲಿ ಬಸವ ಧರ್ಮ ಪೀಠ, ಅಲ್ಲಿ ಪ್ರತಿ ಜನವರಿಯಲ್ಲಿ ಶರಣ ಮೇಳ: ಬದುಕೆಲ್ಲ ಬಸವಣ್ಣನಿಗೇ ಮುಡಿಪು. ಇಂಥವರ ಮೇಲೆ ಬಸವದ್ರೋಹದ ಆರೋಪ ಬಂತು.

ಇದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ. ಇಂಗ್ಲಿಷಿನವರು 'ಹೆರೆಸಿ' ಎಂದು ಕರೆಯುವ ಅಪರಾಧವನ್ನು ಹೊರಗಿನವರು ಮಾಡಲು ಸಾಧ್ಯವೇ ಇಲ್ಲ. ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳ ಪರೀಕ್ಷೆಗೆ ಸಮಿತಿ ಮಾಡಿ ಸತ್ಯ ಸಾಯಿಬಾಬಾ ಅವರಿಗೇ ಸವಾಲು ಹಾಕಿದರು. ಭಕ್ತರಿಗೆ ಸಿಟ್ಟು ಬಂತು, ನಿಜ. ಆದರೆ ನರಸಿಂಹಯ್ಯ ತಮ್ಮ ಸತ್ಸಂಗವನ್ನೇ ಕೆಡಿಸಿದರೆಂದು ಯಾರೂ ದೂರಲಿಲ್ಲ, ಏಕೆಂದರೆ ಅವರು ಆ ಸತ್ಸಂಗದಲ್ಲಿ ಇರಲೇ ಇಲ್ಲ. ನಾಸ್ತಿಕನನ್ನು ಅವನ ಪಾಡಿಗೆ ಬಿಟ್ಟುಬಿಡಬಹುದು. ಅದೇ ಗುರು, ಅದೇ ಗ್ರಂಥ, ಅದೇ ಇಷ್ಟಲಿಂಗ ಹಿಡಿದುಕೊಂಡು 'ನೀವು ತಪ್ಪಾಗಿ ಓದುತ್ತಿದ್ದೀರಿ' ಎನ್ನುವವರನ್ನು ಹಾಗೆ ಬಿಡುವುದು ಕಷ್ಟ. 1415ರಲ್ಲಿ ಕಾನ್‌ಸ್ಟನ್ಸ್ ಊರಿನಲ್ಲಿ ಚರ್ಚಿನ ಮಹಾಸಭೆ ಧರ್ಮದ್ರೋಹಿಯೆಂದು ತೀರ್ಮಾನಿಸಿ ಸುಡಿಸಿದ ಯಾನ್ ಹುಸ್ ಕೂಡ ಪಾದ್ರಿಯೇ. ಅವನೂ ಬೈಬಲ್ಲನ್ನು ಹಿಡಿದೇ ವಾದಿಸಿದವನು.

ಮಾತೆ ಮಹಾದೇವಿ ಅವರ ವಾದವೂ ಅಂಥದ್ದೇ. ಕೂಡಲಸಂಗಮದಲ್ಲಿರುವುದು ಸ್ಥಾವರಲಿಂಗ, ಕೃಷ್ಣೆ ಮಲಪ್ರಭೆ ಸೇರುವಲ್ಲಿನ ಗುಡಿಯ ದೇವರು. ಶರಣರು ಗುಡಿ ಬಿಟ್ಟು ಅಂಗೈಯ ಇಷ್ಟಲಿಂಗಕ್ಕೆ ಬಂದರು. ಹಾಗಿರುವಾಗ ವಚನದ ಕೊನೆಗೆ ಆ ಗುಡಿಯ ಹೆಸರೇಕೆ? ಲಿಂಗದೇವ ಎಂದರೆ ಗೊಂದಲವೇ ಇರುವುದಿಲ್ಲ. ಇದಕ್ಕೆ ಪ್ರೇರಣೆ ಬಸವಣ್ಣನದೇ ಎಂಬುದು ಅವರ ನಂಬಿಕೆ. ವಚನಗಳ ತರ್ಕವನ್ನು ಅದರ ಕೊನೆಯವರೆಗೆ ಎಳೆದು, ಆ ತರ್ಕದಿಂದಲೇ ವಚನವನ್ನು ತಿದ್ದಿದರು. ವಿಪರೀತ ಶ್ರದ್ಧೆ ಮಾಡುವ ಕೆಲಸವೇ ಇದು.

ವಿದ್ವಾಂಸರ ತಕರಾರು ಬೇರೆ. ಅಂಕಿತ ಬರೀ ದೇವರ ಹೆಸರಲ್ಲ, ವಚನಕಾರರ ಗುರುತು. ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಶತಮಾನಗಳ ಕಾಲ ಓಲೆಗರಿಯ ಕಟ್ಟುಗಳಲ್ಲಿ ಅವರಿವರ ವಚನಗಳು ಬೆರೆತು ಕೂತಿದ್ದಾಗ ಬೇರ್ಪಡಿಸಲು ಇದ್ದ ದೊಡ್ಡ ಆಧಾರ ಅದೊಂದೇ. ಹಾಗೆಂದು ಪಠ್ಯವನ್ನು ಯಾರೂ ಮುಟ್ಟಿಯೇ ಇರಲಿಲ್ಲ ಎನ್ನುವಂತಿಲ್ಲ. ಹದಿನೈದನೇ ಶತಮಾನದಿಂದ ಆಚೆಗೆ, ವಚನಗಳನ್ನು ಹೆಣೆದು ಕಟ್ಟಿದ ಶೂನ್ಯಸಂಪಾದನೆಯನ್ನು ಒಬ್ಬರಾದ ಮೇಲೊಬ್ಬರು ಬೇರೆಬೇರೆ ರೀತಿಯಲ್ಲಿ ಜೋಡಿಸಿದರು, ಯಾರ ಮೇಲೂ ಕೇಸು ಬೀಳಲಿಲ್ಲ. ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರತಂದರು. 1990ರ ದಶಕದಲ್ಲಿ ಸರ್ಕಾರವೇ ಸಮಗ್ರ ವಚನ ಸಂಪುಟವನ್ನು 15 ಸಂಪುಟಗಳಲ್ಲಿ ಅಚ್ಚು ಹಾಕಿತು. ಪ್ರಮಾಣಪಠ್ಯ ಎಂಬುದೊಂದು ಎಲ್ಲರ ಕೈಗೆ ಸಿಕ್ಕಮೇಲೆ ಅದರಿಂದ ಆಚೀಚೆ ಸರಿದದ್ದು ಎದ್ದು ಕಾಣುವುದು ಸಹಜ.

ಇನ್ನೊಬ್ಬರ ಬರಹದಲ್ಲಿ ಅವರ ಗುರುತು ಅಳಿಸಿ ಅಚ್ಚು ಹಾಕುವುದು ತಪ್ಪೇ. ಮೂಲ ಅಂಕಿತ ಹಾಗೇ ಉಳಿಸಿ, ತಮ್ಮ ವಾದವನ್ನು ಅಡಿಟಿಪ್ಪಣಿಯಲ್ಲಿ ಹೇಳಿದ್ದರೆ ಸಾಕಿತ್ತು. ಆದರೆ ಅದು ಸಂಪಾದನೆಯ ತಪ್ಪು, ಪೊಲೀಸರ ಕೆಲಸವಲ್ಲ. 1998ರಲ್ಲಿ ಕರ್ನಾಟಕ ಸರ್ಕಾರ, ಲಿಂಗದೇವ ಅಂಕಿತ ಹಾಕಿ ಮಾತೆ ಮಹಾದೇವಿ ಹೊರತಂದ ವಚನ ಸಂಕಲನ 'ಬಸವ ವಚನ ದೀಪ್ತಿ'ಯನ್ನು ಮುಟ್ಟುಗೋಲು ಹಾಕಿಕೊಂಡಿತು. ಕೊಟ್ಟ ಕಾರಣ, ಧಾರ್ಮಿಕ ಭಾವನೆಗೆ ಧಕ್ಕೆ.

ಈ ಕಾರಣವನ್ನು ಸ್ವಲ್ಪ ಗಮನಿಸಬೇಕು. ಲಿಂಗಾಯತರಿಗೆ ಪೋಪ್ ಇಲ್ಲ, ಕಾನ್‌ಸ್ಟನ್ಸಿನಂಥ ಮಹಾಸಭೆಯೂ ಇಲ್ಲ. ಯಾವುದು ಸರಿಯಾದ ನಂಬಿಕೆ ಎಂದು ಅಂತಿಮವಾಗಿ ಹೇಳುವ ಅಧಿಕಾರ ಯಾವ ಮಠಕ್ಕೂ ಇಲ್ಲ. ಹಾಗಾಗಿ ಆ ಜಾಗಕ್ಕೆ ದಂಡಸಂಹಿತೆಯ 295ಎ ಕಲಂ ಬಂತು. ಲಾಹೋರಿನ ಒಂದು ಕಿರುಹೊತ್ತಿಗೆಯ ಗಲಾಟೆಯ ನಂತರ 1927ರಲ್ಲಿ ಬ್ರಿಟಿಷರು ಸೇರಿಸಿದ ಕಲಂ ಅದು. ಒಂದು ವರ್ಗದ ಧಾರ್ಮಿಕ ಭಾವನೆಯನ್ನು ಬೇಕೆಂದೇ, ದುರುದ್ದೇಶದಿಂದ ಕೆರಳಿಸುವವರಿಗಾಗಿ ಮಾಡಿದ್ದು. ಬಸವಣ್ಣನ ಹೆಸರಿನಲ್ಲಿ ಪೀಠ ಕಟ್ಟಿದವರಿಗೆ ಬಸವಣ್ಣನ ಮೇಲೆ ಯಾವ ದುರುದ್ದೇಶ? ಚರ್ಚಿನ ವಿಚಾರಣೆಯಲ್ಲಿ ಕನಿಷ್ಠ ಸಿದ್ಧಾಂತದ ಚರ್ಚೆಯಾದರೂ ನಡೆಯುತ್ತಿತ್ತು. ಇಲ್ಲಿ ಲಿಂಗದೇವನೋ ಸಂಗಮದೇವನೋ ಎಂಬ ಪ್ರಶ್ನೆ ಪಕ್ಕಕ್ಕೆ ಸರಿದು, ಯಾರಿಗೆ ನೋವಾಯಿತು ಎಂಬುದೇ ಮುಖ್ಯವಾಯಿತು.

ಕೋರ್ಟಿಗೆ ಹೋಗದೆಯೂ ಇದೇ ಕೆಲಸ ನಡೆದದ್ದುಂಟು. ಸಂಶೋಧಕ ಎಂ.ಎಂ. ಕಲಬುರ್ಗಿಯವರು 'ಮಾರ್ಗ' ಸಂಪುಟದಲ್ಲಿ ಬಸವಣ್ಣನ ಮಡದಿ ನೀಲಾಂಬಿಕೆ ಮತ್ತು ಸೋದರಳಿಯ ಚೆನ್ನಬಸವಣ್ಣನ ಬಗ್ಗೆ ಬರೆದದ್ದನ್ನು 1989ರಲ್ಲಿ ಸಮುದಾಯದ ಒತ್ತಡಕ್ಕೆ ಮಣಿದು ಹಿಂತೆಗೆದುಕೊಂಡರು. ಅದನ್ನು ಅವರೇ ಬೌದ್ಧಿಕ ಆತ್ಮಹತ್ಯೆ ಎಂದು ಕರೆದುಕೊಂಡರು. ಅವರೂ ಹೊರಗಿನವರಾಗಿರಲಿಲ್ಲ. ಸಮಗ್ರ ವಚನ ಸಂಪುಟದ ಪ್ರಧಾನ ಸಂಪಾದಕರೇ ಅವರು.

ವಚನ ದೀಪ್ತಿಯ ಮುಟ್ಟುಗೋಲನ್ನು ಸುಪ್ರೀಂ ಕೋರ್ಟು 2017ರ ಸೆಪ್ಟೆಂಬರಿನಲ್ಲಿ ಎತ್ತಿಹಿಡಿಯಿತು. ಅದರ ಬೆನ್ನಿಗೇ ಮಾತೆ ಮಹಾದೇವಿ ಲಿಂಗದೇವ ಅಂಕಿತವನ್ನು ಕೈಬಿಡುವುದಾಗಿ ಹೇಳಿದರು. ಸಮಾಜದ ಒಗ್ಗಟ್ಟಿಗಾಗಿ ಎಂದರು. ಪ್ರತ್ಯೇಕ ಲಿಂಗಾಯತ ಧರ್ಮದ ಚಳವಳಿ ಕಾವೇರಿದ್ದ ಹೊತ್ತು ಅದು, ಅಂಕಿತದ ವಿಷಯದಲ್ಲಿ ಅವರನ್ನು ಒಪ್ಪದಿದ್ದ ಎಷ್ಟೋ ಜನ ಈ ಬೇಡಿಕೆಗೆ ದನಿಗೂಡಿಸಿದ್ದರು. ಅದನ್ನು ಪರಿಶೀಲಿಸಿದ ನಾಗಮೋಹನ ದಾಸ್ ಸಮಿತಿಯ ವರದಿಯ ಮೇಲೆ 2018ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಧರ್ಮದ ಮಾನ್ಯತೆಗೆ ಶಿಫಾರಸು ಮಾಡಿತು, ಕೇಂದ್ರ ಒಪ್ಪಲಿಲ್ಲ. ವೀರಶೈವ ಪಂಚಪೀಠಗಳ ಕಡೆಯವರು ಈ ಚಳವಳಿಗಾರರನ್ನು ಧರ್ಮ ಒಡೆಯುವವರು ಎಂದು ದೂರಿದರು. ಹೀಗೆ, ಅಂಕಿತ ತಿದ್ದಿದ್ದಕ್ಕೆ ಮಾತೆಯವರನ್ನು ಆಡಿಕೊಂಡವರಲ್ಲೂ ಹಲವರು ಅದೇ ಬೈಗುಳಕ್ಕೆ ತಾವೂ ಗುರಿಯಾದರು.